ಹಂಗಿಲ್ಲದ ಆಸರೆ

ನಮ್ಮ ಅಜ್ಜಿ ತಮ್ಮ 94ನೆಯ ವಯಸ್ಸಿನಲ್ಲಿ, ತಾವು ಬಯಸಿದ್ದಂತೆಯೇ ತಮ್ಮ ಮನೆಯಲ್ಲಿ, ತಮ್ಮ ಮಂಚದ ಮೇಲೆ ಕೊನೆಯುಸಿರೆಳೆದು ಇಂದಿಗೆ ಒಂದು ತಿಂಗಳಾಯಿತು. ಮನೆಗೆ ಬಂದವರೂ ದೂರದಿಂದ ಕರೆ ಮಾಡಿದವರೂ "ನೀವು ಅವರನ್ನು ಚೆನ್ನಾಗಿ ನೋಡಿಕೊಂಡಿರಿ" ಎಂದು ಹೇಳಿದ್ದೀರಿ. ಆ ಮಾತಿನ ಹಿಂದಿರುವ ಪ್ರೀತಿಗೆ ನಮ್ಮ ಕುಟುಂಬದ ಪರವಾಗಿ ತಲೆಬಾಗುತ್ತೇನೆ. ಆದರೆ ಅಜ್ಜಿ ಇದ್ದಿದ್ದರೆ ಈ ಮಾತನ್ನು ಒಪ್ಪುತ್ತಿರಲಿಲ್ಲ. ತಮ್ಮನ್ನು ತಾವೇ ನೋಡಿಕೊಂಡವರು ಅವರು. ಹಾಗೆ ನೋಡಿಕೊಳ್ಳಲು ಬಿಟ್ಟವರಿಗೆ ಕೃತಜ್ಞತೆ ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

"ಆಸರೆ ಬೇಕು, ಹಂಗು ಬೇಡ" ಎನ್ನುತ್ತಿದ್ದರು ಅಜ್ಜಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರದ ಮುಂದೆ ಕುಳಿತು ನಾಲ್ಕು ಮಕ್ಕಳನ್ನು ಓದಿಸಿದ ಅವರ ಕಥೆ ನಿಮಗೆಲ್ಲ ತಿಳಿದದ್ದೇ. ನನಗೆ ಹೆಚ್ಚು ನೆನಪಾಗುವುದು ಅವರ ಅಳತೆ ಪುಸ್ತಕ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ತೋಳು, ಎದೆ, ಉದ್ದಗಳ ಅಳತೆಗಳು ವರ್ಷವರ್ಷಕ್ಕೂ ಬೆಳೆಯುತ್ತಾ ಹೋದದ್ದನ್ನು ಅದರಲ್ಲಿ ಕಾಣಬಹುದು. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಪ್ರತಿ ಸಲವೂ ಒಬ್ಬರನ್ನು ಕರೆಯುವುದು ಅವರಿಗೆ ಇಷ್ಟವಿರಲಿಲ್ಲ. ಪಕ್ಕದ ಮನೆಯ ಹುಡುಗಿ ವಾರಕ್ಕೊಮ್ಮೆ ಬಂದು ಹತ್ತು ಸೂಜಿಗಳಿಗೆ ಬೇರೆ ಬೇರೆ ಬಣ್ಣದ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. "ಅಜ್ಜಿ, ನಾನೇ ಹೊಲಿದುಕೊಡಲೇ?" ಎಂದು ಆಕೆ ಒಮ್ಮೆಯೂ ಕೇಳಲಿಲ್ಲ. ಹಂಗಿಲ್ಲದ ಆಸರೆ ಎಂದರೇನೆಂದು ನನಗೆ ಅರ್ಥವಾದದ್ದು ಆಕೆಯಿಂದ.

88ನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಬಳಿ ಮೂಳೆ ಮುರಿದಾಗ, ಇನ್ನು ಅವರು ಒಬ್ಬರೇ ಇರುವುದು ಬೇಡವೆಂದು ನಾವು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ನಮ್ಮನಮ್ಮಲ್ಲೇ ತೀರ್ಮಾನಿಸಿಬಿಟ್ಟೆವು. ಸಂಗತಿ ತಿಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಮನೆಯ ಮಾತನ್ನು ನನ್ನನ್ನು ಬಿಟ್ಟು ಆಡಿದಿರಾ?" ಆ ತಪ್ಪಿಗಾಗಿ ಅಂದೇ ಕ್ಷಮೆ ಕೇಳಿದೆ, ಇಂದೂ ಕೇಳುತ್ತೇನೆ. ಶಸ್ತ್ರಚಿಕಿತ್ಸೆಯ ಮರುದಿನವೇ ಅವರನ್ನು ಎದ್ದು ನಿಲ್ಲಿಸಿದ ಫಿಸಿಯೋಥೆರಪಿಸ್ಟ್, ನೆರವಿಗೆ ಧಾವಿಸಿದ ನಮ್ಮನ್ನು ತಡೆದರು. ಮುಪ್ಪಿನಲ್ಲಿ ಹಾಸಿಗೆ ಹಿಡಿದಷ್ಟೂ ಸ್ನಾಯುಗಳು ಬೇಗ ಸೊರಗುತ್ತವೆ, ಶ್ವಾಸಕೋಶದ ಸೋಂಕು ತಗಲುವ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ ಎಂದು ತಿಳಿಹೇಳಿ, ವಾಕರ್ ಹಿಡಿದು ಅವರೇ ಏಳುವವರೆಗೆ ತಾಳ್ಮೆಯಿಂದ ಕಾದರು. ಅಜ್ಜಿ ಮತ್ತೆ ತಮ್ಮ ಮನೆಯ ಬೀಗವನ್ನು ತಾವೇ ತೆಗೆದರು. ಆ ಬಳಿಕದ ಆರು ವರ್ಷಗಳು ಆ ತಾಳ್ಮೆಯ ಕೊಡುಗೆ.

ಹೃದಯ ಸೋಲತೊಡಗಿದಾಗ ವೈದ್ಯರು ಕುರ್ಚಿಯನ್ನು ಅಜ್ಜಿಯ ಕಡೆಗೆ ತಿರುಗಿಸಿಕೊಂಡು, ಕಿವಿಯ ಯಂತ್ರ ಸರಿಯಾಗಿದೆಯೇ ಎಂದು ವಿಚಾರಿಸಿ, ಅವರೊಂದಿಗೇ ಮಾತನಾಡಿದರು. ವೆಂಟಿಲೇಟರ್ ಬೇಡವೆಂದು ಅಜ್ಜಿ ಬರೆದಿಟ್ಟದ್ದನ್ನು ಗೌರವಿಸಿದರು. ಮನೆಗೆ ಬರುತ್ತಿದ್ದ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯಲ್ಲಿ ನೋವು-ಸಂಕಟಗಳನ್ನು ತಗ್ಗಿಸುವ ಆರೈಕೆಯ ನರ್ಸ್, ಅಳೆದು ಕೊಡುವ ಅಲ್ಪ ಪ್ರಮಾಣದ ಮಾರ್ಫಿನ್ ಉಸಿರಾಟದ ಸಂಕಟವನ್ನು ಹೇಗೆ ತಗ್ಗಿಸುತ್ತದೆಂಬುದನ್ನು ವಿವರಿಸಿದರು. ಕೊನೆಯ ದಿನಗಳಲ್ಲಿ ದೇಹವೇ ಆಹಾರವನ್ನು ಬೇಡವೆನ್ನುವಾಗ ಒತ್ತಾಯಿಸದೆ ತುಟಿಗಳನ್ನು ಒದ್ದೆ ಮಾಡುತ್ತಿದ್ದರೆ ಸಾಕೆಂದು ತೋರಿಸಿಕೊಟ್ಟರು. 1967ರಲ್ಲಿ ಲಂಡನ್ನಿನಲ್ಲಿ, ಸಾವಿನಂಚಿನಲ್ಲಿರುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ದೇಹಕ್ಕಷ್ಟೇ ಸೇರಿದ್ದಲ್ಲವೆಂದು ವೈದ್ಯಲೋಕಕ್ಕೆ ಮನಗಾಣಿಸಿದ್ದನ್ನು ಆ ರಾತ್ರಿಗಳಲ್ಲಿ ಓದುತ್ತಿದ್ದೆ. ಪರರ ಕೈಗೆ ಸಿಕ್ಕಿದ ವಸ್ತುವಾಗುವುದೇ ಅಜ್ಜಿಯ ಪಾಲಿಗೆ ಎಲ್ಲಕ್ಕಿಂತ ದೊಡ್ಡ ನೋವಾಗಿತ್ತು. ಮಗ್ಗುಲು ಬದಲಿಸುವ ಮುನ್ನ ಪ್ರತಿ ಸಲವೂ "ತಿರುಗಿಸಲೇ ಅಜ್ಜಿ?" ಎಂದು ಕೇಳಿ, ಅವರ ಕಣ್ಸನ್ನೆಗಾಗಿ ಕಾಯುತ್ತಿದ್ದ ಆ ನರ್ಸಿನ ಋಣವನ್ನು ನಾವು ತೀರಿಸಲಾರೆವು.

ಸರದಿಯಂತೆ ರಾತ್ರಿ ಎಚ್ಚರವಿದ್ದ ಚಿಕ್ಕಮ್ಮನಿಗೂ ಅತ್ತೆಯಂದಿರಿಗೂ, ಬೆಳಿಗ್ಗೆ ಕಿಟಕಿ ತೆರೆದಿದೆಯೇ ಎಂದು ವರ್ಷಗಟ್ಟಲೆ ಸದ್ದಿಲ್ಲದೆ ಗಮನಿಸುತ್ತಿದ್ದ ಎದುರುಮನೆಯವರಿಗೂ ನಮ್ಮೆಲ್ಲರ ವಂದನೆಗಳು.

ಪುಟ್ಟ ದಿಂಬಿನಲ್ಲಿ ದಾರ ಪೋಣಿಸಿದ ಮೂರು ಸೂಜಿಗಳು ಉಳಿದಿದ್ದವು. ನಿನ್ನೆ ಅದರಲ್ಲೊಂದನ್ನು ತೆಗೆದು ಮಗನ ಅಂಗಿಗೆ ಗುಂಡಿ ಹಾಕಿದೆ. ಆ ದಾರವನ್ನು ಪೋಣಿಸಿಟ್ಟ ಪಕ್ಕದ ಮನೆಯ ಹುಡುಗಿಗೆ ಧನ್ಯವಾದ.