ಕಡಲಿನ ನೀರುಗಂಟಿ

ಈ ಬಾರಿಯ ಸಂಪಾದಕೀಯವನ್ನು ಆಸ್ಟ್ರೇಲಿಯಾದ ಪರ್ತ್ ಬಿಟ್ಟು, ಮಂಡ್ಯದ ಪಕ್ಕದ ನಮ್ಮೂರಿನ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಮ್ಮೂರಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ತಗ್ಗಿನ ಗದ್ದೆಗಳಲ್ಲಿ ಭತ್ತ, ಅದರಾಚೆ ಕಬ್ಬು. ದಿಣ್ಣೆ ಹತ್ತಿ ಆ ಮಗ್ಗುಲಿಗೆ ಇಳಿದರೆ ಸಿಗುವ ಊರಿಗೆ ನಾಲೆಯ ಭಾಗ್ಯವಿಲ್ಲ. ಅಲ್ಲಿ ರಾಗಿ, ಹುರುಳಿ, ಬೇಲಿಗುಂಟ ಜಾಲಿ. ಎರಡೂ ಊರಿಗೆ ಅದೇ ಬಿಸಿಲು, ಹೆಚ್ಚುಕಡಿಮೆ ಅಷ್ಟೇ ಮಳೆ. ಇರುವ ವ್ಯತ್ಯಾಸವೆಂದರೆ ನೀರು ಯಾವ ಕಡೆಗೆ ಹರಿಯಿತು ಎಂಬುದಷ್ಟೇ. ಉಷ್ಣವಲಯದ ದ್ವೀಪಗಳ ಹಣೆಬರಹವೂ ಬಹುಮಟ್ಟಿಗೆ ಹೀಗೆಯೇ ತೀರ್ಮಾನವಾಗುತ್ತದೆಂದು ಮೊನ್ನೆ ತೂಬಿನ ಬಳಿ ನಿಂತು ಸೋದರಮಾವನಿಗೆ ಹೇಳಿದೆ. ಅವರು ಗುದ್ದಲಿಯಿಂದ ಮಡೆ ಕಟ್ಟುತ್ತಲೇ ಕೇಳಿದರು: “ಆಯ್ತು ಕಣ್ಲಾ, ಸಮುದ್ರದೊಳ್ಗೂ ನಾಲೆ ಅದೆ ಅಂತಿಟ್ಕೊ. ಅದ್ಕೆ ನೀರುಗಂಟಿ ಯಾರು?” ನಾಲೆಯ ತೂಬು ತೆರೆದು, ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನೇ ನೀರುಗಂಟಿ.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಗಲಾಪಗೋಸ್ ದ್ವೀಪಗಳಿಂದ ಆರಂಭಿಸುವುದು ಒಳ್ಳೆಯದು. ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ಪಶ್ಚಿಮಕ್ಕಿರುವ ಈ ದ್ವೀಪಸಮೂಹದ ಮೇಲೆಯೇ ಭೂಮಧ್ಯರೇಖೆ ಹಾದುಹೋಗುತ್ತದೆ. ರೇಖೆಯನ್ನಷ್ಟೇ ನಂಬಿ ಅಲ್ಲಿ ದಟ್ಟ ಮಳೆಕಾಡಿರಬೇಕೆಂದು ಊಹಿಸಿದವರಿಗೆ ಕಡಲಂಚಿನಲ್ಲಿ ಕಾಣಸಿಗುವುದು ಕಪ್ಪು ಲಾವಾ ಬಂಡೆ ಮತ್ತು ಪಾಪಾಸುಕಳ್ಳಿ. ಅಂಟಾರ್ಕ್ಟಿಕಾದ ದಿಕ್ಕಿನಿಂದ ಚಿಲಿ ಮತ್ತು ಪೆರುವಿನ ದಡಗುಂಟ ಮೇಲೇರಿ ಬರುವ ಹಂಬೋಲ್ಟ್ ಪ್ರವಾಹದ ತಣ್ಣೀರು ಈ ದ್ವೀಪಗಳನ್ನು ಸುತ್ತುವರಿಯುತ್ತದೆ. ತಣ್ಣನೆಯ ನೀರಿನ ಮೇಲಿನ ಗಾಳಿ ತಂಪಾಗಿ, ಭಾರವಾಗಿ ಕೆಳಗೇ ಉಳಿಯುವುದರಿಂದ, ಮಳೆಮೋಡವಾಗಿ ಮೇಲೇಳುವ ಶಕ್ತಿ ಅದಕ್ಕಿರುವುದಿಲ್ಲ. ಹಾಗಾಗಿ ಜೂನ್‌ನಿಂದ ನವೆಂಬರ್‌ವರೆಗೆ ‘ಗರುವಾ’ ಎಂಬ ಮಂಜಿನಂಥ ತುಂತುರು ಎತ್ತರದ ಗುಡ್ಡಗಳನ್ನು ಹಸಿರಾಗಿಡುತ್ತದೆಯೇ ಹೊರತು ತಗ್ಗಿನ ನೆಲವನ್ನು ನೆನೆಸುವುದಿಲ್ಲ. ಒಂದೇ ದ್ವೀಪದಲ್ಲಿ ದಿಣ್ಣೆಯ ಈಚೆ ಮತ್ತು ಆಚೆಯ ಎರಡು ಊರುಗಳಿದ್ದಂತೆ.

ಇದಕ್ಕಿಂತ ಸೋಜಿಗದ ನಾಲೆಯೊಂದು ಆಳದಲ್ಲಿದೆ. ಪೆಸಿಫಿಕ್ ಸಾಗರದ ಭೂಮಧ್ಯರೇಖೆಯ ಬಳಿ ಮೇಲ್ಮೈ ನೀರು ಪಶ್ಚಿಮಕ್ಕೆ ಹರಿಯುವುದು ಎಲ್ಲರಿಗೂ ತಿಳಿದಿತ್ತು. ಆದರೆ 1952ರಲ್ಲಿ ಟ್ಯೂನಾ ಮೀನಿಗಾಗಿ ಆಳಕ್ಕೆ ಇಳಿಬಿಟ್ಟ ಗಾಳದ ಹಗ್ಗಗಳು ಅದಕ್ಕೆ ವಿರುದ್ಧವಾಗಿ ಪೂರ್ವದ ಕಡೆಗೆ ತೇಲಿಹೋಗತೊಡಗಿದಾಗ, ಟೌನ್‌ಸೆಂಡ್ ಕ್ರಾಮ್‌ವೆಲ್ ಎಂಬ ಅಮೆರಿಕದ ಸಾಗರವಿಜ್ಞಾನಿಯೂ ಅವನ ಸಂಗಡಿಗರೂ ಕಾರಣ ಹುಡುಕಿ, ಸಾವಿರಾರು ಕಿಲೋಮೀಟರ್ ಉದ್ದದ ಒಳಪ್ರವಾಹವೊಂದನ್ನು ಗುರುತಿಸಿದರು. ಈ ಒಳನೀರು ಗಲಾಪಗೋಸ್‌ನ ಪಶ್ಚಿಮದ ದ್ವೀಪಗಳಾದ ಫರ್ನಾಂಡಿನಾ ಮತ್ತು ಇಸಾಬೆಲಾಗಳ ಬುಡಕ್ಕೆ ಬಡಿದು ಮೇಲೇಳುವಾಗ, ಆಳದ ತಂಪನ್ನೂ ಪೋಷಕಾಂಶಗಳನ್ನೂ ಹೊತ್ತು ತರುತ್ತದೆ. ನಮ್ಮ ಗದ್ದೆಗೆ ಕೆರೆಯ ಗೋಡು ಹೊಡೆದ ಹಾಗೆ. ಅದರಿಂದ ಸೂಕ್ಷ್ಮ ಸಸ್ಯಗಳು, ಅವುಗಳನ್ನು ನಂಬಿ ಸಣ್ಣ ಮೀನುಗಳು, ಆ ಮೀನುಗಳನ್ನು ನಂಬಿ ಪೆಂಗ್ವಿನ್‌ಗಳು! ಭೂಮಧ್ಯರೇಖೆಯ ಉತ್ತರಕ್ಕೂ ದಾಟಿ ಬದುಕುವ ಪೆಂಗ್ವಿನ್ ಇದೊಂದೇ. ಹಾರುವುದನ್ನೇ ಮರೆತ ನೀರುಕಾಗೆಯೂ ಈ ಎರಡು ದ್ವೀಪಗಳ ದಡ ಬಿಟ್ಟು ಬೇರೆಲ್ಲೂ ಇಲ್ಲ.

ಅಲ್ಲಿನ ಕಡಲ ಇಗ್ವಾನಾವನ್ನು ಮಾತ್ರ ತುಸು ಹತ್ತಿರದಿಂದ ನೋಡಬೇಕು. ಓತಿಕ್ಯಾತನ ದೊಡ್ಡಪ್ಪನಂತಿರುವ ಈ ಪ್ರಾಣಿ ತಣ್ಣೀರಿನಲ್ಲಿ ಮುಳುಗಿ ಬಂಡೆಯ ಮೇಲಿನ ಪಾಚಿಯನ್ನು ಮೇಯ್ದು, ದಡಕ್ಕೆ ಬಂದು ಕಾದ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗಿ, ಮೈಯಲ್ಲಿ ಸೇರಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಆ ಉಪ್ಪು ಅದರ ತಲೆಯ ಮೇಲೆಯೇ ಬಿದ್ದು ಒಣಗಿ, ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ನೀರು ಬೆಚ್ಚಗಾದ ವರ್ಷ ಈ ಪಾಚಿ ಸಾಯುತ್ತದೆ. ಆಗ ಇಗ್ವಾನಾ ಸೊರಗುವುದಷ್ಟೇ ಅಲ್ಲದೆ ಗಿಡ್ಡವೂ ಆಗುತ್ತದೆ: ಎರಡು ವರ್ಷದೊಳಗೆ ಮೈಯ ಉದ್ದ ಶೇಕಡಾ 20ರವರೆಗೆ ಕುಗ್ಗಿದ್ದನ್ನು ಅಳೆದು ನೋಡಿದ್ದಾರೆ. ಹೆಚ್ಚು ಕುಗ್ಗಿದವೇ ಹೆಚ್ಚು ಕಾಲ ಬದುಕಿದವು. ಮೇವು ಮರಳಿದಾಗ ಮತ್ತೆ ಬೆಳೆದವು. ಬರಗಾಲದಲ್ಲಿ ಸಂಸಾರದ ಖರ್ಚು ಇಳಿಸುವುದನ್ನು ಬಲ್ಲ ನಮ್ಮ ರೈತರಿಗೂ ಮೂಳೆಯನ್ನೇ ಕಿರಿದು ಮಾಡಿಕೊಳ್ಳುವ ಈ ವಿದ್ಯೆ ಬಂದಿಲ್ಲ. ಪೆಂಗ್ವಿನ್‌ಗಳಿಗೂ ಬರಲಿಲ್ಲ. ಹೀಗೆ ಕಡಲು ಬೆಚ್ಚಗಾಗುವುದಕ್ಕೆ ಎಲ್ ನಿನೋ ಎನ್ನುತ್ತಾರೆ; 1982–83ರ ಎಲ್ ನಿನೋ ಕಾಲದಲ್ಲಿ ಅವುಗಳ ಸಂಖ್ಯೆಯಲ್ಲಿ ಮುಕ್ಕಾಲು ಪಾಲು ಅಳಿದುಹೋಯಿತು.

ಇನ್ನು ಮಾವನ ಪ್ರಶ್ನೆ. ಈ ನಾಲೆಗಳ ನೀರುಗಂಟಿ ಗಾಳಿ. ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಪೆಸಿಫಿಕ್ಕಿನ ಬೆಚ್ಚನೆಯ ಮೇಲ್ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳಿ ಒಟ್ಟುತ್ತವೆ. ಅಲ್ಲಿನ ಸಮುದ್ರಮಟ್ಟ ದಕ್ಷಿಣ ಅಮೆರಿಕದ ಕಡೆಗಿಂತ ಸುಮಾರು ಅರ್ಧ ಮೀಟರ್ ಎತ್ತರವಿರುತ್ತದೆ. ಗಾಳಿ ಸಡಿಲಿಸಿದ ವರ್ಷ ಆ ಬಿಸಿನೀರು ಪೂರ್ವಕ್ಕೆ ಮರಳುತ್ತದೆ, ಒಳಪ್ರವಾಹ ಸೊರಗುತ್ತದೆ. ಅದೇ ಎಲ್ ನಿನೋ. ಇದನ್ನು ಕೇಳಿದ ಮಾವ, “ಗಾಳಿಗೆ ಅರ್ಜಿ ಕೊಡಾಕಾಯ್ತದಾ?” ಎಂದರು. ನಾಲೆಯ ಕೊನೆಭಾಗದ ನೀರಿಗಾಗಿ ಅವರು ಕೊಟ್ಟ ಅರ್ಜಿಗಳ ಕಟ್ಟನ್ನು ನಾನು ನೋಡಿದ್ದೇನೆ.

ಪರ್ತ್‌ನ ನಮಗೆ ಈ ವಿಷಯ ದೂರದ್ದೇನಲ್ಲ. ಇಂಡೋನೇಷ್ಯಾದ ಬಳಿ ಒಟ್ಟಾದ ನೀರಿನ ಒಂದು ಭಾಗ ದ್ವೀಪಗಳ ನಡುವಿನ ಸಂದುಗಳಿಂದ ಹಿಂದೂ ಮಹಾಸಾಗರಕ್ಕೆ ನುಸುಳುತ್ತದೆ. ಅದರ ಬಲದಿಂದಲೇ ಲೂವಿನ್ ಎಂಬ ಬೆಚ್ಚನೆಯ ಪ್ರವಾಹ ನಮ್ಮ ದಡಗುಂಟ ದಕ್ಷಿಣಕ್ಕೆ ಹರಿಯುತ್ತದೆ. ಉಷ್ಣವಲಯದ ಹೊರಗಿರುವ ಅಬ್ರೋಲೋಸ್ ದ್ವೀಪಗಳಲ್ಲಿ ಹವಳದ ದಿಬ್ಬಗಳು ಬೆಳೆದಿರುವುದು ಅದರ ಕೃಪೆಯಿಂದ. ಸಂಘದ ವನಭೋಜನಕ್ಕೆ ನಾವು ದೋಣಿಯೇರಿ ಹೋಗುವ ರಾಟ್‌ನೆಸ್ಟ್ ದ್ವೀಪದ ಸುತ್ತಲಿನ ನೀರಿನಲ್ಲಿಯೂ ಹವಳಗಳಿವೆ. ನಾವು ಪುಳಿಯೋಗರೆಯ ಡಬ್ಬಿ ಬಿಚ್ಚುವ ಆತುರದಲ್ಲಿ ಅವನ್ನು ನೋಡಿದ್ದು ಕಡಿಮೆ. ಅಲ್ಲಿ ಭೂಮಧ್ಯರೇಖೆಯಲ್ಲಿ ಪೆಂಗ್ವಿನ್, ಇಲ್ಲಿ 32 ಡಿಗ್ರಿ ದಕ್ಷಿಣದಲ್ಲಿ ಹವಳ.

ನಮ್ಮ ನಾಡಿಗೆ ಹತ್ತಿರದ ಮಾಲ್ಡೀವ್ಸ್‌ನಲ್ಲಿ ನೀರುಗಂಟಿ ವರ್ಷಕ್ಕೆರಡು ಬಾರಿ ತೂಬು ಬದಲಿಸುತ್ತಾನೆ. ನೈರುತ್ಯ ಮಾನ್ಸೂನಿನಲ್ಲಿ ಪ್ರವಾಹ ಪೂರ್ವಕ್ಕೆ, ಈಶಾನ್ಯ ಮಾನ್ಸೂನಿನಲ್ಲಿ ಪಶ್ಚಿಮಕ್ಕೆ. ನೀರು ಸಾಗುವ ಮಗ್ಗುಲಿನಲ್ಲಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಹುಲುಸಾಗುವುದರಿಂದ, ಅದನ್ನು ಸೋಸಿ ತಿನ್ನುವ ಮಾಂಟಾ ತೊರಕೆ ಎಂಬ ಚಪ್ಪಟೆ ಮೀನುಗಳು ಋತುವಿಗೊಂದು ದಡದಂತೆ ವಲಸೆ ಹೋಗುತ್ತವೆ.

ಈ ಕಡಲುಗಳ ನಡವಳಿಕೆ ಕನ್ನಂಬಾಡಿ ಕಟ್ಟೆಯವರೆಗೂ ಮುಟ್ಟುತ್ತದೆ. 2023ರ ಎಲ್ ನಿನೋ ವರ್ಷದಲ್ಲಿ ಆಗಸ್ಟ್ ತಿಂಗಳು ದೇಶದಾದ್ಯಂತ ಒಣಗಿ ಹೋಯಿತು, 124.80 ಅಡಿಯ ಕಟ್ಟೆ ತುಂಬಲಿಲ್ಲ, ಮಂಡ್ಯದ ರೈತರು ಬೀದಿಗಿಳಿದರು. ಆದರೆ ಎಲ್ ನಿನೋ ಎಂದೊಡನೆ ಬರವೆಂದು ಹೇಳಿಬಿಡುವುದು ಅವಸರದ ಮಾತು. 1997ರಲ್ಲಿ ಎಲ್ ನಿನೋ ಉಗ್ರವಾಗಿದ್ದರೂ ಭಾರತದ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಂಪಾಗುವ ‘ದ್ವಿಧ್ರುವ’ ಸ್ಥಿತಿ ಆ ವರ್ಷ ನಮ್ಮ ಪರವಾಗಿತ್ತು. ಆ ಸ್ಥಿತಿಯನ್ನು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ ನಾಲ್ವರಲ್ಲಿ ಸಾಜಿ, ಗೋಸ್ವಾಮಿ ಮತ್ತು ವಿನಯಚಂದ್ರನ್ ಭಾರತೀಯರು.

ಮಾವನ ಮನೆಗೆ ಬೆಳಗಿನ ಪತ್ರಿಕೆ ಬಂದೊಡನೆ ಎಲ್ಲರೂ ಮೊದಲು ಹುಡುಕುವುದು ಜಲಾಶಯದ ಮಟ್ಟವನ್ನು ಅಚ್ಚು ಹಾಕಿದ ಪುಟ್ಟ ಚೌಕವನ್ನು. ಮೂರು ದಿನಗಳಿಂದ ನಾನು ಅದರ ಜೊತೆಗೆ ಪೆಸಿಫಿಕ್ ನೀರಿನ ಉಷ್ಣತೆಯನ್ನೂ ಫೋನಿನಲ್ಲಿ ನೋಡಿ ಅವರಿಗೆ ಓದಿ ಹೇಳುತ್ತಿದ್ದೇನೆ. ಇವತ್ತು ಅವರೇ ಮೊದಲು ಕೇಳಿದರು.