ಈ ವಾರದ ಸಂಖ್ಯೆ: 2147483647

ಗೆಳೆಯರೇ, ನಮಸ್ಕಾರ. 31 ಎರಡುಗಳನ್ನು ಗುಣಿಸಿ 1 ಕಳೆದರೆ ಸಿಗುವ ಸಂಖ್ಯೆ ಇದು. ಇದು ಅವಿಭಾಜ್ಯ ಎಂದು 1772ರಲ್ಲಿ ತೋರಿಸಿದವರು ಗಣಿತಜ್ಞ ಆಯ್ಲರ್. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ!

46340ರವರೆಗಿನ (ಅಂದರೆ ಇದರ ವರ್ಗಮೂಲದವರೆಗಿನ) ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು ಅಲ್ವಾ? ಬೇಕಿಲ್ಲ. 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. ನನಗೆ ಉತ್ತರಕ್ಕಿಂತ ಈ ದಾರಿಯೇ ಜಾಸ್ತಿ ಇಷ್ಟ. ಅಂದ ಹಾಗೆ, 1970ರಿಂದ ಸೆಕೆಂಡು ಎಣಿಸುವ ಹಳೆಯ 32 ಬಿಟ್ ಕಂಪ್ಯೂಟರ್‌ಗಳು 2038ರ ಜನವರಿ 19ರಂದು ತಾವು ಎಣಿಸಬಲ್ಲ ಕೊನೆಯ ಸಂಖ್ಯೆಯಾದ ಇದಕ್ಕೇ ಬಂದು ಮುಟ್ಟುತ್ತವೆ.

248 ಎಲ್ಲಿಂದ ಬಂತು? ಯೋಚಿಸಿ, ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಕೈಬರಹದ ಫೋಟೋ ಆದರೂ ಸರಿ. ಸುಮ್ನೆ ಉತ್ತರ ಬೇಡ, ಹೆಜ್ಜೆಗಳೂ ಇರಲಿ. ಸುಳಿವು: 31 ಮತ್ತು 8.