ಬೂದಿಯಡಿ ಸಿಕ್ಕ ಘೇಂಡಾಮೃಗಗಳು

ಲಿಂಕನ್, ನೆಬ್ರಾಸ್ಕಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ, ನೀನು ಕಳಿಸಿದ ಚಟ್ನಿಪುಡಿ ತಲುಪಿತು.

ಶನಿವಾರ ರಾಯಲ್ ಅನ್ನೋ ಪುಟ್ಟ ಊರಿನ ಹತ್ತಿರ ಆಶ್‌ಫಾಲ್ ಫಾಸಿಲ್ ಬೆಡ್ಸ್ ಅನ್ನೋ ಪಳೆಯುಳಿಕೆಗಳ ಜಾಗ ನೋಡಲು ಹೋಗಿದ್ದೆವು. ದೊಡ್ಡದೊಂದು ಶೆಡ್. ಒಳಗೆ ನೆಲದ ತುಂಬ ಘೇಂಡಾಮೃಗಗಳ ಅಸ್ಥಿಪಂಜರ. ಮ್ಯೂಸಿಯಮ್ಮಿನಲ್ಲಿ ತಂತಿ ಕಟ್ಟಿ ನಿಲ್ಲಿಸಿರುತ್ತಾರಲ್ಲ, ಹಾಗಲ್ಲ. ಸತ್ತು ಬಿದ್ದ ಜಾಗದಲ್ಲೇ, ಬಿದ್ದ ಹಾಗೇ ಇವೆ. ಅಮೆರಿಕದಲ್ಲಿ ಘೇಂಡಾಮೃಗ ಎಲ್ಲಿಂದ ಬಂತು ಅಂತ ಅಪ್ಪ ಕೇಳೇ ಕೇಳ್ತಾರೆ. ಆಗ ಇದ್ದವಪ್ಪ! ಒಂಟೆಗಳಿದ್ದವು, ಕಾಲಿಗೆ ಮೂರು ಬೆರಳಿದ್ದ ಕುದುರೆಗಳೂ ಇದ್ದವು.

ಸುಮಾರು 1 ಕೋಟಿ 20 ಲಕ್ಷ ವರ್ಷಗಳ ಹಿಂದೆ ಇಲ್ಲೊಂದು ನೀರಿನ ಹೊಂಡ ಇತ್ತು. ಸುಮಾರು 1,600 ಕಿ.ಮೀ. ದೂರದ ಐಡಹೊದಲ್ಲಿ ಜ್ವಾಲಾಮುಖಿ ಸಿಡಿದು, ಅದರ ಬೂದಿ ಗಾಳಿಯಲ್ಲಿ ಇಲ್ಲಿವರೆಗೂ ಬಂತು. ಈ ಬೂದಿ ಅಂದರೆ ಗಾಜಿನ ಚೂಪು ಚೂರುಗಳು. ಹುಲ್ಲಿನ ಜೊತೆ, ಉಸಿರಿನ ಜೊತೆ ಅದೂ ಒಳಗೆ ಹೋಯಿತು. ಕ್ವಾರಿಯಲ್ಲಿ ದುಡಿಯುವವರಿಗೆ ಧೂಳಿನಿಂದ ಶ್ವಾಸಕೋಶ ಕೆಡುತ್ತದಲ್ಲ, ಹಾಗೆ. ಕಾಲಿನ ಮೂಳೆಗಳ ಮೇಲೆ ಅಸಹಜವಾಗಿ ಬೆಳೆದ ಪದರ ನೋಡಿ ಆ ಕಾಯಿಲೆ ಪತ್ತೆಹಚ್ಚಿದ್ದಾರೆ.

ಎಲ್ಲವೂ ಒಂದೇ ದಿನ ಸಾಯಲಿಲ್ಲ. ಹಕ್ಕಿ, ಆಮೆ ಮೊದಲು ಹೋದವು, ಅವು ತಳದಲ್ಲಿವೆ. ಅವುಗಳ ಮೇಲೆ ಕುದುರೆ, ಒಂಟೆ. ಎಲ್ಲಕ್ಕಿಂತ ಮೇಲೆ ಘೇಂಡಾಮೃಗ. ದೊಡ್ಡ ಜೀವ, ಜಾಸ್ತಿ ದಿನ ನರಳಿರಬೇಕು. ಕೆಲವುದರ ಬಾಯಲ್ಲಿ ಹುಲ್ಲಿನ ಬೀಜ ಹಾಗೇ ಇತ್ತಂತೆ. ಬಸುರಿಯಾಗಿದ್ದ ತಾಯಂದಿರ ಒಳಗೆ ಮರಿಗಳ ಎಲುಬೂ ಸಿಕ್ಕಿದೆ. ಅದನ್ನು ಕೇಳಿ ನನಗೆ ತುಂಬಾ ಸಂಕಟವಾಯಿತು, ಅಮ್ಮ. ಎಷ್ಟು ಹಳೆಯದಾದರೇನು, ಜೀವ ಜೀವವೇ ಅಲ್ವಾ?

1971ರಲ್ಲಿ ಮೈಕ್ ವೂರೀಸ್ ಎಂಬ ವಿಜ್ಞಾನಿ ಜೋಳದ ಹೊಲದ ಅಂಚಿನ ಕೊರಕಲಲ್ಲಿ ಮರಿ ಘೇಂಡಾಮೃಗದ ತಲೆಬುರುಡೆ ಕಂಡರು. ಮಳೆಗೆ ಮಣ್ಣು ಕೊಚ್ಚಿಹೋಗಿ ಅದು ಹೊರಗೆ ಕಾಣುತ್ತಿತ್ತು. ಅಗೆದರೆ ಇಡೀ ಹಿಂಡೇ ಸಿಕ್ಕಿತು. 1991ರಿಂದ ಜನರಿಗೆ ತೆರೆದಿದ್ದಾರೆ. ಈಗಲೂ ಬೇಸಿಗೆಯಲ್ಲಿ ಕಾಲೇಜು ಹುಡುಗರು ಅಲ್ಲೇ ಕೂತು ಸಣ್ಣ ಬ್ರಷ್ಷಿನಲ್ಲಿ ಬೂದಿ ಬಿಡಿಸುತ್ತಾರೆ. ಏನು ಕೇಳಿದರೂ ಕೆಲಸ ನಿಲ್ಲಿಸಿ ಹೇಳುತ್ತಾರೆ.

ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಅದಕ್ಕೇ ಮುಂದಿನ ವರ್ಷ ನೀವು ಬರೋದು ಜೂನ್‌ನಲ್ಲೇ ಇರಲಿ. ಅಪ್ಪನ ಮಂಡಿನೋವಿಗೆ ತೊಂದರೆಯಿಲ್ಲ, ಶೆಡ್ಡಿನೊಳಗೆ ನಡೆಯುವ ದಾರಿ ಸಮವಾಗಿದೆ. ವೀಸಾ ಕಾಗದಗಳನ್ನು ಈಗಲೇ ಶುರು ಮಾಡಿ.

ನಿಮ್ಮ ಮಗಳು,
ಸುಮಾ